ಹೆಸಿಟೆಂಟ್ ಎಂಬ ಪದದ ಪಾಠ

ಇಂಗ್ಲಿಷ್ ಮೇಷ್ಟ್ರಿಗೆ ಎಲ್ಲವೂ ಅರ್ಥವಾಗುತ್ತದೆಂದು ನಂಬುವ ಜನರಿದ್ದಾರೆ. ಐವತ್ತರ ದಶಕದ ಕೊನೆಯಲ್ಲಿ, ಶಿಕಾರಿಪುರದಲ್ಲಿ ಮೇಷ್ಟ್ರಾಗಿದ್ದಾಗ, ಆ ಜನರಲ್ಲಿ ನಾನೂ ಒಬ್ಬನಾಗಿದ್ದೆ.

ಆಗ ನನ್ನ ಅಕ್ಕ ಗಿರಿಜೆ ನಮ್ಮ ಜೊತೆಗಿದ್ದಳು. ಮದುವೆಯಾದ ಮರುವರ್ಷವೇ ಗಂಡನನ್ನು ಕಳೆದುಕೊಂಡವಳು. ನಮ್ಮಲ್ಲಿ ಮರುಮದುವೆಗೆ ಅಡ್ಡಿಯೇನಿರಲಿಲ್ಲ. ಯಾರೂ ಮಾತೆತ್ತಿರಲಿಲ್ಲ, ಅಷ್ಟೆ. ಟೀಚರಾಗುವ ಆಸೆಯಿಂದ ಅವಳು ಪರೀಕ್ಷೆಗೆ ಕಟ್ಟಿದ್ದಳು. ಪಾಠ ಹೇಳುವವನು ನಾನು. ನಮ್ಮ ಶಾಲೆಯ ಡ್ರಾಯಿಂಗ್ ಮೇಷ್ಟ್ರು ಬಸವರಾಜು, ಸೊರಬದ ಕಡೆಯವನು, ಶನಿವಾರ ಊರಿನ ಬಸ್ಸು ಹಿಡಿಯುವ ಮುಂಚೆ ನಮ್ಮನೆಗೆ ಬರುತ್ತಿದ್ದ. ಅಕ್ಕ ಕೊಟ್ಟ ಕಾಫಿ ಕುಡಿದು, ಏನೋ ಹೇಳಲು ಬಾಯಿ ತೆರೆದು, "ಬಸ್ಸಿಗೆ ಹೊತ್ತಾತು" ಎಂದು ಎದ್ದುಬಿಡುತ್ತಿದ್ದ. ಪಾಪ, ಇವನಿಗೆ ಬಸ್ಸಿನ ಚಿಂತೆ ಜಾಸ್ತಿ ಎಂದುಕೊಂಡಿದ್ದೆ.

ಒಂದು ದಿನ, ನನ್ನ ಹೆಂಡತಿ ಅಲ್ಲೇ ಕೂತು ಅಕ್ಕಿ ಆರಿಸುತ್ತಿದ್ದಾಗ, ಅಕ್ಕ ಕೇಳಿದಳು: "ತಮ್ಮಾ, ಹೆಸಿಟೆಂಟ್ ಅಂದ್ರೆ ಮನಸ್ಸಿಲ್ದೋನು ಅಂತನಾ?"

"ಅಲ್ಲಕ್ಕಾ. ಮನಸ್ಸಿಲ್ದೋನು ರಿಲಕ್ಟೆಂಟ್. ಇವನಿಗೆ ಮನಸ್ಸೈತೆ, ಧೈರ್ಯ ಸಾಲ್ದು. ಅಂಜನಾಪುರದ ಡ್ಯಾಮಿನಾಗೆ ಸ್ನಾನಕ್ಕೆ ಹೋದೋನು ತಣ್ಣೀರಿಗೆ ಕಾಲಿಟ್ಟು ಇಟ್ಟು ತೆಗೀತಾನಲ್ಲ, ಹಂಗೆ."

"ಅಂಥೋನನ್ನ ಬ್ಯಾರೆ ಯಾರಾದ್ರೂ ಒಂದು ಮಾತು ಕೇಳಿದ್ರೆ, ಹೇಳ್ತಾನೇನೋ?"

"ಹೇಳಬಹುದು. ಅದು ಪರೀಕ್ಷೆಗೆ ಬರಲ್ಲ. ಈಗ ಒಂದು ವಾಕ್ಯ ಮಾಡು."

ಅವಳು ಯೋಚಿಸಿ, ಡ್ರಾಯಿಂಗ್ ಮೇಷ್ಟ್ರು ಹೆಸಿಟೆಂಟ್ ಎಂದು ಇಂಗ್ಲಿಷಿನಲ್ಲಿ ವಾಕ್ಯ ಮಾಡಿದಳು. ಅದರಲ್ಲಿ 'ದಿ' ಬಿಟ್ಟುಹೋಗಿತ್ತು. ನಾನದನ್ನು ಸೇರಿಸಿ, 'ದಿ' ಎಲ್ಲೆಲ್ಲಿ ಬರುತ್ತದೆಂದು ಬಹಳ ಹೊತ್ತು ವಿವರಿಸಿದೆ. ಅವಳು ತಲೆ ತಗ್ಗಿಸಿ ಕೇಳಿದಳು.

ಪರೀಕ್ಷೆ ಹತ್ತಿರವಾದಾಗ ಬಸವರಾಜು ಬಂದ. ಅಂದು ಮಾತ್ರ ತಡವರಿಸಲಿಲ್ಲ. "ಮನೇಲಿ ಗೊತ್ತುಮಾಡಿಬಿಟ್ರು ಮೇಷ್ಟ್ರೇ. ಉಳವಿ ಕಡೆ ಹುಡುಗಿ. ಮದುವೆಗೆ ಎಲ್ಲರೂ ಬರ್ಬೇಕು."

ಅಕ್ಕ ಕಾಫಿ ಲೋಟವನ್ನು ಅವನ ಮುಂದಿಟ್ಟು, "ಒಳ್ಳೇದಾತು" ಎಂದಳು. ಅವನು ಅದನ್ನು ಮುಟ್ಟದೆ ಕೂತಿದ್ದು, ಬಸ್ಸು ಹೋದ ಮೇಲೆ ಎದ್ದು ಹೋದ.

ಅಡಿಗೆಮನೆಯಲ್ಲಿ ನನ್ನ ಹೆಂಡತಿ ಮೆಲ್ಲಗೆ ಹೇಳಿದಳು: "ಅವತ್ತು ನಿಮ್ಮಕ್ಕ ಪದದ ಅರ್ಥ ಕೇಳ್ಲಿಲ್ಲ ಕಣ್ರೀ. ನೀವು ಹೋಗಿ ಅವರನ್ನ ಒಂದು ಮಾತು ಕೇಳ್ರಿ ಅಂದಿದ್ದು."

"ನೀನಾದ್ರೂ ಹೇಳಬಾರದಿತ್ತಾ?"

"ಪಾಠ ನಡೀತಿತ್ತಲ್ರೀ."

ಅಕ್ಕನ ಹತ್ತಿರ ಹೋಗಿ ನಿಂತೆ. ಅವಳ ಕಣ್ಣು ಕೆಂಪಾಗಿತ್ತು. ಪುಸ್ತಕವನ್ನು ನನ್ನ ಕಡೆ ಸರಿಸಿ ಅವಳೇ, "ಮುಂದಿನ ಪಾಠ ತೆಗಿ ತಮ್ಮಾ" ಎಂದಳು. ತೆಗೆದೆ. ನನಗೆ ಬರುತ್ತಿದ್ದುದು ಅದೊಂದೇ.

ಇಂಗ್ಲಿಷಿನಲ್ಲಿ ಅಕ್ಕನಿಗೆ ಒಳ್ಳೆಯ ಅಂಕ ಬಂತು. ಶಾಲೆ ಮತ್ತೆ ಶುರುವಾದ ದಿನ ಹೆಡ್‌ಮಾಸ್ಟರು ಎಲ್ಲರೆದುರು ನನ್ನ ಬೆನ್ನು ತಟ್ಟಿ, "ಪದದ ಅರ್ಥ ಬಿಡಿಸಿ ಹೇಳೋದ್ರಲ್ಲಿ ನಿಮ್ಮನ್ನ ಬಿಟ್ರೆ ಇಲ್ಲ ಬಿಡ್ರಿ" ಎಂದರು. ಹೊಸ ಮದುಮಗ ಬಸವರಾಜು ಪಕ್ಕದಲ್ಲೇ ಕೂತು, ತಲೆಯೆತ್ತದೆ ಪೆನ್ಸಿಲ್ ಹೆರೆಯುತ್ತಿದ್ದ. ನಾನು ಹೆಡ್‌ಮಾಸ್ಟರಿಗೆ ಥ್ಯಾಂಕ್ಸ್ ಹೇಳಿದೆ.