ಗೇಟಿನ ಪಕ್ಕದ ನೀಲಿ ಬಾಟಲಿ

ಬಾಡಿಗೆ ಮನೆಯಲ್ಲಿ ಮೊಳೆ ಹೊಡೆಯುವುದಕ್ಕೂ ಓನರ್ ಅಪ್ಪಣೆ ಬೇಕು. ಇನ್ನು ವಿಜ್ಞಾನದ ಪ್ರಯೋಗ ಮಾಡುವವನ ಪಾಡು ಕೇಳಬೇಡಿ. ನಾನು ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರು, ತಲೆಕೂದಲು ಉದುರಿದ ಮೇಲೆ ಪಿಎಚ್‌ಡಿಗೆ ಸೇರಿದವನು. ನನ್ನ ವಿಷಯ ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿ. ಗೋಡೆಯ ಪೇಂಟಿನಲ್ಲಿ ಬೆಳ್ಳಗೆ ಹೊಳೆಯುವುದು ಇದೇ. ಬೆಳಕು ಬಿದ್ದರೆ ಕೊಳಕು ನೀರಿನ ಬಣ್ಣ, ಕಲ್ಮಶಗಳನ್ನು ಒಡೆದುಹಾಕುತ್ತದೆ. ಮನಸ್ಸು ಮಾಡಿದರೆ ನೀರನ್ನೇ ಒಡೆದು ಹೈಡ್ರೋಜನ್ ಇಂಧನವನ್ನೂ ಕೊಡುತ್ತದೆ. ಆದರೆ ಮಹಾ ಸೋಮಾರಿ. ಬಿಸಿಲಿನಲ್ಲಿ ಚೂರೇ ಚೂರು ಇರುವ ನೇರಳಾತೀತ ಕಿರಣ ಬಿಟ್ಟರೆ ಬೇರೆ ಬೆಳಕಿಗೆ ಜಗ್ಗುವುದಿಲ್ಲ. ಇಂಗಾಲ ಸೇರಿಸಿ ಅದನ್ನು ಚುರುಕು ಮಾಡುವುದೇ ನನ್ನ ಸಂಶೋಧನೆ. ಇಂಗಾಲಕ್ಕೆಂದು ಸಕ್ಕರೆ ಬೆರೆಸಿ ಕುಲುಮೆಯಲ್ಲಿ ಸುಟ್ಟೆ. ಕಾಫಿಪುಡಿಯ ಬಣ್ಣಕ್ಕೆ ತಿರುಗಿತು. ನನ್ನ ಹೆಂಡತಿ ಅದನ್ನು ನೋಡಿ, "ಸೀದುಹೋಗಿದ್ದಕ್ಕೂ ಡಿಗ್ರಿ ಕೊಡ್ತಾರೇನ್ರೀ?" ಎಂದಳು.

ಲ್ಯಾಬಿನ ದೀಪದ ಕೆಳಗೆ ಪುಡಿ ಚೆನ್ನಾಗಿಯೇ ಕೆಲಸ ಮಾಡಿತು. ನನ್ನ ಗೈಡ್ ಮಾತ್ರ, "ನಿಜವಾದ ಬಿಸಿಲಲ್ಲಿ ತೋರ್ಸಿ. ಆಗ್ಲಿಲ್ಲ ಅಂದ್ರೆ ಬೇರೆ ಟಾಪಿಕ್ ನೋಡ್ಕೊಳ್ಳಿ" ಎಂದುಬಿಟ್ಟರು. ವರ್ಷಗಟ್ಟಲೆ ದುಡಿದದ್ದು ನೀರುಪಾಲಾಗುವ ಭಯ ಹಿಡಿಯಿತು. ನಾವಿರುವ ಜರಗನಹಳ್ಳಿಯಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಟೆರೇಸಿನ ಬಿಸಿಲೆಲ್ಲ ಕೆಳಗಿನ ಮನೆಯಲ್ಲಿರುವ ನಮ್ಮ ಓನರ್ ಸಾವಿತ್ರಮ್ಮ ಆಂಟಿಯ ರಾಗಿಗೂ ಮೆಣಸಿನಕಾಯಿಗೂ ಮೀಸಲು. ಉಳಿದದ್ದು ಗೇಟಿನ ಪಕ್ಕದ ಕಾಂಪೌಂಡ್ ಗೋಡೆ. ಪುಡಿಯನ್ನು ಗಾಜಿನ ಮಣಿಗಳಿಗೆ ಮೆತ್ತಿ, ಬಾಟಲಿಗೆ ಹಾಕಿ, ಬಣ್ಣದ ನೀರು ತುಂಬಿ, "ಆಂಟಿ, ಇಲ್ಲೊಂದು ನೀಲಿ ನೀರಿನ ಬಾಟ್ಲಿ ಇಡ್ಲಾ?" ಎಂದು ಕೇಳಿದೆ. "ಇಡಿ ಮೇಷ್ಟ್ರೇ, ಎಷ್ಟೋ ಒಳ್ಳೇದಾಯ್ತು!" ಎಂದರು. ವಿಜ್ಞಾನದ ಮೇಲೆ ಇವರಿಗೆ ಇಷ್ಟು ಅಭಿಮಾನವೇ ಎಂದು ಹಿಗ್ಗಿದೆ.

ಪುಡಿ ಕೆಲಸ ಮಾಡಿದರೆ ನೀರಿನ ಬಣ್ಣ ಹೋಗಬೇಕು. ಸಂಜೆ ಕಾಲೇಜಿನಿಂದ ಬಂದು ನೋಡಿದರೆ ನೀರು ಬೆಳಗಿನಂತೆಯೇ ನೀಲಿ. ಮರುದಿನವೂ ಅಷ್ಟೇ. ವಾರವಿಡೀ ಅದೇ ಕಥೆ. ಊಟ ಸೇರಲಿಲ್ಲ. ಭಾನುವಾರ ಮಧ್ಯಾಹ್ನ, ಎಲ್ಲ ಚೆಲ್ಲಿ ಕೈತೊಳೆದುಕೊಳ್ಳೋಣ ಎಂದು ಕೆಳಗಿಳಿದೆ. ಆಂಟಿ ಬಟ್ಟೆಗೆ ಹಾಕುವ ನೀಲಿಯ ಡಬ್ಬಿ ಹಿಡಿದು ಗೋಡೆಯ ಹತ್ತಿರ ನಿಂತಿದ್ದರು.

"ಏನ್ ಬಾಟ್ಲಿ ತಂದಿಟ್ಟಿದ್ದೀರೋ ಮೇಷ್ಟ್ರೇ! ಮಧ್ಯಾಹ್ನ ಆಗೋದ್ರೊಳಗೆ ಬಣ್ಣ ಎಲ್ಲಾ ಹೋಗ್ಬಿಡುತ್ತೆ. ದಿನಾ ನೀಲಿ ಹಾಕಿ ಹಾಕಿ ಸಾಕಾಯ್ತು ನಂಗೆ. ಹಿಂಗಾದ್ರೆ ನಾಯಿ ಹೆದರುತ್ತಾ?"

ನೀಲಿ ನೀರು ಕಂಡರೆ ನಾಯಿ ಗೇಟಿನ ಬಳಿ ಕಾಲೆತ್ತುವುದಿಲ್ಲ ಎಂಬುದು ನಮ್ಮ ಬೀದಿಯ ನಂಬಿಕೆ. ಮನೆಮನೆಗೂ ಅಂಥ ಬಾಟಲಿ ನೇತಾಡುತ್ತಿದ್ದರೂ ನನ್ನ ತಲೆಗೆ ಅದು ಹೊಳೆದೇ ಇರಲಿಲ್ಲ. ಆಂಟಿ ಬೈಯುತ್ತಲೇ ಇದ್ದರು. ನನಗೆ ಅಲ್ಲೇ ಕುಣಿಯುವಷ್ಟು ಸಂತೋಷ. ಪುಡಿ ಬಿಸಿಲಿನಲ್ಲಿ ಕೆಲಸ ಮಾಡಿತ್ತು! ಅಷ್ಟೇ ಅಲ್ಲ, ಅದೇ ಪುಡಿ ದಿನದಿನವೂ ಹೊಸ ಬಣ್ಣವನ್ನು ತಿಂದು ಮುಗಿಸಿತ್ತು. ಮತ್ತೆ ಮತ್ತೆ ಬಳಸಲು ಬರುತ್ತದೆಯೇ ಎಂಬುದು ಗೈಡ್ ಇದಾದ ಮೇಲೆ ಕೇಳಲಿದ್ದ ಪ್ರಶ್ನೆ; ಅದಕ್ಕೂ ಉತ್ತರ ಸಿಕ್ಕಿತ್ತು.

ವಿಷಯ ಬಿಡಿಸಿ ಹೇಳಿದ ಮೇಲೆ ಆಂಟಿ ರಾಗಿಯನ್ನು ಸ್ವಲ್ಪ ಸರಿಸಿ ಟೆರೇಸಿನಲ್ಲಿ ತಟ್ಟೆಯಗಲ ಜಾಗ ಕೊಟ್ಟರು. ಅಲ್ಲಿ ಪ್ರಯೋಗವನ್ನು ಕ್ರಮವಾಗಿ ಮಾಡಿ ತೋರಿಸಿದೆ. ಗೈಡ್ ಒಪ್ಪಿದರು, ಟಾಪಿಕ್ ಉಳಿಯಿತು. ಆಂಟಿಗೆ ಮಾತ್ರ ಸಮಾಧಾನವಿಲ್ಲ. "ಬಣ್ಣ ಹೋಗೋದು ಯಾವ ದೊಡ್ಡ ವಿಷ್ಯ? ಹೋಗದೆ ಇರೋ ಹಾಗೆ ಏನಾದ್ರೂ ಮಾಡಿ ನೋಡೋಣ" ಎಂದರು. ಬರೀ ನೀರಿಗೆ ನೀಲಿ ಕಲಸಿ ಗೇಟಿಗೆ ಕಟ್ಟಿಕೊಟ್ಟೆ. ವಾರವಾದರೂ ಬಣ್ಣ ಹಾಗೇ ಇತ್ತು. ಪುಣ್ಯಕ್ಕೆ ನಾಯಿಯೂ ಬರಲಿಲ್ಲ. "ಇದಪ್ಪಾ ಸಂಶೋಧನೆ ಅಂದ್ರೆ!" ಎಂದು ಆಂಟಿ ಬೀದಿಗೆಲ್ಲ ಸಾರಿಬಂದರು. ಈ ಏರಿಯಾದಲ್ಲಿ ನನ್ನ ವಿದ್ಯೆಗೆ ಸಿಕ್ಕ ಮೊದಲ ಹೊಗಳಿಕೆ, ನನ್ನ ಪುಡಿ ಒಂದು ಚಿಟಿಕೆಯೂ ಇಲ್ಲದ ಆ ಬಾಟಲಿಗೆ. ಎದುರುಮನೆಯವರೂ ಒಂದು ಕೇಳಿದ್ದಾರೆ; ಮಾಡಿಕೊಡುತ್ತಿದ್ದೇನೆ.