ಬೆಳ್ಳಿಯ ಕಷಾಯವೂ ಬಾಗೂರಿನ ಹೆಪ್ಪೂ

ನಾನು ಚನ್ನರಾಯಪಟ್ಟಣದಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು. ನನ್ನ ಪ್ರಯೋಗ ಸೋತಿತೆಂದು ನೆಂಟರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರೆ. ಸುಳ್ಳು! ಅದು ಗೆದ್ದಿದೆ. ಅತಿಯಾಗಿ ಗೆದ್ದದ್ದೇ ತೊಂದರೆ.

ತುಳಸಿ ಕುದಿಸಿದ ನೀರಿಗೆ ಸಿಲ್ವರ್ ನೈಟ್ರೇಟ್ ದ್ರಾವಣ ಬೆರೆಸಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿಯ ಕಣಗಳು ಹುಟ್ಟುತ್ತವೆ. ಸೂಕ್ಷ್ಮಾಣುಗಳ ಪಾಲಿಗೆ ಅವು ಯಮ. ಪರಿಸರಕ್ಕೂ ಒಳ್ಳೆಯ ವಿಧಾನ. ಒಂದು ಭಾನುವಾರ ಬೆಳಿಗ್ಗೆ ಅಡುಗೆಮನೆಯಲ್ಲೇ ಶುರುಮಾಡಿದೆ. ಎಲೆಯ ಕಷಾಯಕ್ಕೆ ಗ್ಲೌಸ್ ಯಾಕೆ? ಬರಿಗೈಯಲ್ಲೇ ಮಾಡಿದೆ! ಪರೀಕ್ಷೆಗೆ ಮೊಸರಿನ ಗಡಿಗೆ ಸಿಕ್ಕಿತು. ಅದರೊಳಗೆ ಕಷಾಯ ತುಂಬಿ ಸಂಜೆಯವರೆಗೆ ನೆನೆಸಿಟ್ಟು, ಚೆಲ್ಲಿ, ಬೋರಲು ಹಾಕಿದೆ.

ಹೆಂಡತಿ ಸರೋಜ ಏನೂ ತಿಳಿಯದೆ ಅದಕ್ಕೇ ಹಾಲು ಹೊಯ್ದು, ಮನೆಯಲ್ಲಿದ್ದ ಹೆಪ್ಪನ್ನೆಲ್ಲ ಬೆರೆಸಿದಳು. ಮದುವೆಯಾದಾಗ ಬಾಗೂರಿನ ತೌರಿನಿಂದ ಲೋಟದಲ್ಲಿ ತಂದ ಹೆಪ್ಪು. ಅಂದಿನಿಂದ ಒಮ್ಮೆಯೂ ಮುಗಿಯಲು ಬಿಡದೆ ಕಾಪಾಡಿಕೊಂಡು ಬಂದಿದ್ದಳು.

ಮರುದಿನ ಬೆಳಿಗ್ಗೆ ಗಡಿಗೆಯಲ್ಲಿ ಹಾಲು ಹಾಲಾಗಿಯೇ ಕೂತಿತ್ತು.

“ಏನ್ರೀ ಮಾಡುದ್ರಿ ಗಡಿಗೆಗೆ?”

“ಶುದ್ಧ ಮಾಡ್ದೆ ಕಣೆ!”

“ನಮ್ಮವ್ವ ಕೊಟ್ಟ ಹೆಪ್ಪು ಕಣ್ರೀ! ಸಾಯ್ಸ್‌ಬುಟ್ರಲ್ಲಾ!”

“ನೋಡಿದ್ಯಾ? ಕಷಾಯ ಕೆಲಸ ಮಾಡ್ತದೆ!”

ಆ ಮಾತು ಆಡಬಾರದಿತ್ತು. ಆದರೆ ಸುಳ್ಳೇನು? ಮೊಸರು ಮಾಡುವ ಜೀವಿ ಒಳ್ಳೆಯದೋ ಕೆಟ್ಟದ್ದೋ ಎಂದು ಬೆಳ್ಳಿ ವಿಚಾರಿಸುವುದಿಲ್ಲ! ಸರೋಜ ಹಾಲನ್ನು ಚೆಲ್ಲಿ ಕಣ್ಣೊರೆಸಿಕೊಂಡಳು. ನಾನು ಖಾಲಿ ಲೋಟ ಕೈಗೆತ್ತಿಕೊಂಡೆ.

“ಪಕ್ಕದ ಮನೇಲಿ ಈಸ್ಕೊಂಡು ಬರ್ಲಾ?”

“ಬ್ಯಾಡ. ಬಾಗೂರಿಗೇ ಓಗಿ ತನ್ನಿ.”

ಹೊರಡುವಾಗ ಬಿಸಿಲಲ್ಲಿ ಕೈ ನೋಡಿಕೊಂಡೆ. ಸಿಲ್ವರ್ ನೈಟ್ರೇಟ್ ತಾಗಿದ ಬೆರಳೆಲ್ಲ ಇದ್ದಿಲ ಬಣ್ಣ! ಸೋಪಿಗೂ ಹೋಗಲಿಲ್ಲ, ನಿಂಬೆಹಣ್ಣಿಗೂ ಹೋಗಲಿಲ್ಲ.

ಬಾಗೂರಿನಲ್ಲಿ ಹೆಪ್ಪಿನ ಲೋಟ ಹಿಡಿದು ಬಂದ ಅತ್ತೆ, ನಾನು ಚಾಚಿದ ಕೈ ನೋಡಿ ಅಲ್ಲೇ ನಿಂತರು.

“ಇದೇನಪ್ಪಾ ಕೈ?”

“ಪರಿಸರಸ್ನೇಹಿ, ಅತ್ತೆ! ಏನೂ ಆಗಲ್ಲ!”

ಅತ್ತೆ ಲೋಟವನ್ನು ಸೆರಗಿನ ಮರೆಗೆ ಸರಿಸಿ ಮಗನನ್ನು ಕೂಗಿದರು. “ಲೇ, ನೀನೇ ಓಗಿ ಅಕ್ಕನ ಕೈಗೆ ಕೊಟ್‌ಬುಟ್ಟು ಬಾರ್ಲಾ. ಅಳಿಯಂದ್ರು ಮುಟ್ಟೋದ್ ಬ್ಯಾಡ.”

ಹೆಪ್ಪು ಭಾಮೈದನ ಬೈಕಿನಲ್ಲಿ ಹೋಯಿತು. ನಾನು ಬಸ್ಸಿನಲ್ಲಿ ಹೋದೆ.

ಈಗಲೂ ನಾನು ತಲೆಬಾಗಿಲ್ಲ. ನನ್ನ ಕಷಾಯ ಸೂಕ್ಷ್ಮಾಣುಗಳನ್ನು ಕೊಲ್ಲುತ್ತದೆ ಎಂದು ಯಾರೆದುರು ಬೇಕಾದರೂ ಎದೆ ತಟ್ಟಿ ಹೇಳುತ್ತೇನೆ. ಅಡುಗೆಮನೆಯ ಹೊಸಿಲಿನಿಂದ ಈಚೆ ನಿಂತು.