ಕರೆಂಟಿನ ಪೊರಕೆ

ಹೊಟ್ಟೆಕಿಚ್ಚಿನ ವಿಷಯದಲ್ಲಿ ನಾನು ಬಹಳ ಮಿತವ್ಯಯಿ. ಮೌಂಟ್ ರೋಡಿನಲ್ಲಿ ಹಡಗಿನಂಥ ಕಾರುಗಳಲ್ಲಿ ತೇಲಿಹೋಗುವವರನ್ನು ಕಂಡು ನನಗೆ ಒಂದು ದಿನವೂ ಹೊಟ್ಟೆ ಉರಿದಿಲ್ಲ. ಅವರು ಯಾರೋ, ನಾನು ಯಾರೋ. ಕಚೇರಿಯಲ್ಲಿ ಯಾರಿಗಾದರೂ ಬಡ್ತಿ ಬಂದರೆ ಕೈಕುಲುಕಿ ಅಭಿನಂದಿಸುತ್ತೇನೆ, ಅವರು ಕೊಡಿಸುವ ಕಾಫಿಯನ್ನೂ ಮನಃಪೂರ್ವಕವಾಗಿ ಕುಡಿಯುತ್ತೇನೆ. ಹೀಗೆ ಊರವರ ಮೇಲೆಲ್ಲ ಖರ್ಚು ಮಾಡದೆ ಉಳಿಸಿಕೊಂಡ ಹೊಟ್ಟೆಕಿಚ್ಚನ್ನು ಒಬ್ಬನೇ ಒಬ್ಬ ಮನುಷ್ಯನಿಗೆ ಮುಡಿಪಾಗಿಟ್ಟಿದ್ದೇನೆ. ಆತ ನನ್ನ ಷಡ್ಡಕ ನರಹರಿ, ನನ್ನ ಹೆಂಡತಿ ರುಕ್ಮಿಣಿಯ ಅಕ್ಕನ ಗಂಡ. ಷಡ್ಡಕರಿಲ್ಲದ ಓದುಗರಿಗೆ ನನ್ನ ಕಷ್ಟ ಪೂರ್ತಿ ಅರ್ಥವಾಗದೆ ಇರಬಹುದು. ಅವರು ಪುಣ್ಯವಂತರು.

ನಾನು ಬಿ.ಎ. ಇದನ್ನು ಜಂಬದಿಂದ ಹೇಳುತ್ತಿದ್ದೇನೆ ಎಂದು ನಿಮಗೆ ಅನ್ನಿಸಿದರೆ ಸರಿಯಾಗಿಯೇ ಅನ್ನಿಸಿದೆ. ನಮ್ಮ ವಂಶದಲ್ಲಿ ನನಗಿಂತ ಮುಂಚೆ ಕಾಲೇಜಿನ ಮೆಟ್ಟಿಲು ಹತ್ತಿದವರೆಂದರೆ ನಮ್ಮ ಚಿಕ್ಕಪ್ಪ ಒಬ್ಬರೇ, ಅದೂ ಅಲ್ಲಿನ ಹಾಸ್ಟೆಲಿನಲ್ಲಿ ಅಡುಗೆ ಮಾಡುವುದಕ್ಕೆ. ನಮ್ಮಪ್ಪ ಮೈಲಾಪುರದ ದೊಡ್ಡ ಮನೆಗಳಲ್ಲಿ ಮದುವೆ, ಮುಂಜಿಗೆ ಅಡುಗೆಗೆ ಹೋಗುತ್ತಿದ್ದರು. ನಾನು ಅವರ ಜೊತೆ ಹೋಗಿ, ತೆಂಗಿನಕಾಯಿ ತುರಿಯುತ್ತ ತುರಿಯುತ್ತ ತರ್ಕಶಾಸ್ತ್ರ ಓದಿದವನು. ನನ್ನ ಪಠ್ಯಪುಸ್ತಕದಲ್ಲಿ ಸಿದ್ಧಾಂತಕ್ಕಿಂತ ಎಣ್ಣೆಯ ಕಲೆ ಹೆಚ್ಚು. ನರಹರಿಯಾದರೋ ಎಸ್.ಎಸ್.ಎಲ್.ಸಿ.ಯನ್ನೇ ಎರಡು ಸಲ ಕೂತು ದಾಟಿದವನು. ಆತ ಮಾತಾಡುವ ಇಂಗ್ಲಿಷಿನಲ್ಲಿ ಕ್ರಿಯಾಪದವೇ ಇರುವುದಿಲ್ಲ. ಆದರೂ ಅವನು ಕೆಲಸ ಮಾಡುವ ಎಣ್ಣೂರಿನ ಕಾರ್ಖಾನೆಯ ಬಿಳಿ ದೊರೆಗೆ ಅವನಿಲ್ಲದೆ ಬೆಳಗಾಗುವುದಿಲ್ಲ. ಅವನಿಗೆ ಟಿ. ನಗರದಲ್ಲಿ ಮೊಸಾಯಿಕ್ ನೆಲದ ಮೂರು ಕೋಣೆಯ ಮನೆ. ನನಗೆ ತಿರುವಲ್ಲಿಕೇಣಿಯಲ್ಲಿ ಐದು ಸಂಸಾರಗಳ ನಡುವೆ ಒಂದು ಪೋರ್ಷನ್ನು. ನನ್ನ ಬಿ.ಎ. ಗೋಡೆಯ ಮೇಲೆ ಕಟ್ಟು ಹಾಕಿಸಿಕೊಂಡು ನಿಂತಿದೆ. ಅದರ ಮೇಲೂ ಬೀದಿಯ ಧೂಳು.

ಧೂಳಿನ ಮಾತು ಸುಮ್ಮನೆ ಬರಲಿಲ್ಲ. ನಮ್ಮ ಅತ್ತೆ ಇಷ್ಟು ವರ್ಷ ಮೈಲಾಪುರದಲ್ಲಿ ಮಗನ ಜೊತೆ ಇದ್ದರು. ಹೋದ ವರ್ಷ ಮಗನಿಗೆ ದೆಹಲಿಗೆ ವರ್ಗವಾಯಿತು. ‘ಆ ಚಳಿಗೆ ನಾನು ಬರೋಲ್ಲ’ ಎಂದು ಅತ್ತೆ ಕೂತುಬಿಟ್ಟರು. ಅಂದರೆ ಅವರು ಹೆಣ್ಣುಮಕ್ಕಳಲ್ಲಿ ಒಬ್ಬಳ ಮನೆಗೆ ಬರಬೇಕು. ಅವರ ಜೊತೆ ಅವರ ಬೊಂಬೆ ಪೆಟ್ಟಿಗೆಯೂ ಬರಬೇಕು. ಅವರ ಅತ್ತೆಯ ಅತ್ತೆ ಮೈಸೂರಿನಿಂದ ಮದುವೆಯಾಗಿ ಬರುವಾಗ ತಂದ ಪಟ್ಟದ ರಾಜ ರಾಣಿ ಅದರಲ್ಲಿದ್ದಾರೆ. ನವರಾತ್ರಿಗೆ ಆ ಬೊಂಬೆಗಳನ್ನು ಒಂದು ಮನೆಯಲ್ಲಿ ಇಳಿಸಿದರೆ ಆಮೇಲೆ ಆ ಮನೆ ಬದಲಾಯಿಸುವಂತಿಲ್ಲ, ಅದು ಅವರ ಕಡೆಯ ಪದ್ಧತಿ. ಆದ್ದರಿಂದ ಆ ವರ್ಷದ ನವರಾತ್ರಿಗೆ ಎಲ್ಲಿಯೋ ಎಂದೆಂದಿಗೂ ಅಲ್ಲಿಯೇ. ಲೋಕದಲ್ಲಿ ಅಳಿಯಂದಿರು ಅತ್ತೆ ಬಾರದಿರಲೆಂದು ಹರಕೆ ಹೊರುತ್ತಾರಂತೆ. ಬರಲಿ ಎಂದು ಹೊತ್ತವನು ನಾನು. ಚಿಕ್ಕಂದಿನಲ್ಲಿ ಪ್ರತಿ ನವರಾತ್ರಿಯಲ್ಲೂ ನಮ್ಮಪ್ಪ ಪರರ ಮನೆಯ ಬೊಂಬೆಗಳಿಗೆ ಕಡಲೆ ಉಸಲಿ ಮಾಡುತ್ತಿದ್ದರು. ನಾನು ಅಡುಗೆಮನೆ ಬಾಗಿಲಲ್ಲಿ ನಿಂತು, ಒಳಗೆ ಬಂದು ಹೋಗುವ ಹೆಂಗಸರ ಸೀರೆಗಳ ಸಂದಿಯಿಂದ ಆ ಬೊಂಬೆಗಳ ಕಿರೀಟ ಮಾತ್ರ ನೋಡುತ್ತಿದ್ದೆ. ನನ್ನ ಮನೆಯ ಹಾಲಿನಲ್ಲಿ ಪಟ್ಟದ ರಾಜ ಕೂರಬೇಕು, ಬಂದವರಿಗೆ ನನ್ನ ಹೆಂಡತಿ ಉಸಲಿ ಕೊಡಬೇಕು. ಬಿ.ಎ. ಆದಮೇಲೆ ನನಗೆ ಉಳಿದಿದ್ದ ಆಸೆ ಅದೊಂದೇ.

ಅಡ್ಡಿಯಾಗಿದ್ದು ಅತ್ತೆಯ ಉಬ್ಬಸ. ಧೂಳು ಮೂಗಿಗೆ ಹೋದರೆ ಅವರಿಗೆ ಉಸಿರು ಕಟ್ಟುತ್ತದೆ. ‘ಯಾರ ಮನೇಲಿ ಧೂಳಿಲ್ಲವೋ ಅಲ್ಲಿಗೆ’ ಎಂದು ಅವರು ಹೇಳಿ ಕಳಿಸಿದರು. ನಾವು ಗಂಡ ಹೆಂಡತಿ ಕಿಟಕಿಗೆಲ್ಲ ಒದ್ದೆ ಪರದೆ ಕಟ್ಟುವ ಯೋಚನೆಯಲ್ಲಿದ್ದಾಗ ಒಂದು ಭಾನುವಾರ ನರಹರಿ ಬಂದ.

“ಏನಯ್ಯಾ ಬಿ.ಎ., ಮೌಂಟ್ ರೋಡಿಗೆ ನನ್ನ ಜೊತೆ ಒಂದು ನಡೆ ಬಂದ್ಬಿಡು. ವ್ಯಾಕ್ಯೂಮ್ ಕ್ಲೀನರ್ ತಗೋಬೇಕು. ಅಂಗಡಿಯವನು ಇಂಗ್ಲಿಷಲ್ಲಿ ಬುರುಡೆ ಬಿಟ್ರೆ ನಿಂಗೆ ಗೊತ್ತಾಗುತ್ತೆ.”

“ಭಾವ, ನಿಮ್ಮ ದೊರೆ ಸೀಮೆಗೆ ವಾಪಸ್ ಹೋಗೋವಾಗ ತನ್ನದನ್ನೇ ಕೊಡ್ತೀನಿ ಅಂದಿದ್ನಂತಲ್ಲ?” ಎಂದಳು ರುಕ್ಮಿಣಿ.

“ಅಯ್ಯೋ, ಅವನು ಬೂಟು ಹಾಕ್ಕೊಂಡೇ ಮಲಗೋ ಮನುಷ್ಯ ಕಣಮ್ಮ. ಆ ಧೂಳು ಕುಡಿದ ಮಿಷನ್ನನ್ನ ನಿಮ್ಮಮ್ಮ ಬರೋ ಮನೆಗೆ ತರೋಕಾಗುತ್ತಾ? ಹೊಸದೇ ಬೇಕು.”

‘ಭಾವ ಅಂದರೆ ಭಾವ’ ಎನ್ನುವ ಹಾಗೆ ರುಕ್ಮಿಣಿ ನನ್ನ ಕಡೆ ಒಂದು ನೋಟ ನೋಡಿದಳು. ನಾನು ಷರಟು ಹಾಕಿಕೊಂಡು ಹೊರಟೆ. ಶತ್ರುವಿನ ಆಯುಧ ಆರಿಸಿಕೊಡಲು ಹೋಗುವವನ ಸ್ಥಿತಿ ಹೇಗಿರುತ್ತದೋ ಊಹಿಸಿಕೊಳ್ಳಿ.

ಅಂಗಡಿಯಲ್ಲಿ ಟೈ ಕಟ್ಟಿದ ತರುಣ ನನ್ನನ್ನೇ ಗಿರಾಕಿ ಎಂದುಕೊಂಡು ಕುರ್ಚಿ ಎಳೆದು ಕೂರಿಸಿದ. ಆ ಸುಖ ಎರಡು ನಿಮಿಷ ಇತ್ತು. ನಾನು ಹೀರುವ ಶಕ್ತಿ, ಮೋಟಾರಿನ ಬಾಳಿಕೆ ಎಂದು ಅಪ್ಪಟ ವ್ಯಾಕರಣದಲ್ಲಿ ಪ್ರಶ್ನೆ ಕೇಳುವಷ್ಟರಲ್ಲಿ ನರಹರಿ, “ತಂಬೀ, ಡಸ್ಟು ಫುಲ್ಲಾ ಕ್ಲೋಸಾ?” ಎಂದು, ಧೂಳು ಪೂರ್ತಿ ಹೋಗುತ್ತದೋ ಎನ್ನುವುದನ್ನು ತನ್ನ ಇಂಗ್ಲಿಷಿನಲ್ಲಿ ಕೇಳಿದ. ತರುಣ ಪಕಪಕ ನಕ್ಕು ನನ್ನನ್ನು ಬಿಟ್ಟು ಅವನ ಕಡೆ ತಿರುಗಿದ. ಪೊಟ್ಟಣದಲ್ಲಿ ಕಟ್ಟಿಟ್ಟಿದ್ದ ಧೂಳನ್ನು ಜಮಖಾನದ ಮೇಲೆ ಉದುರಿಸಿ, ಎರಡು ಬಗೆಯ ಯಂತ್ರಗಳನ್ನು ಓಡಿಸಿ ತೋರಿಸಿದ. ಒಂದು ನೆಲದ ಮೇಲೆ ಮೊಸಳೆಯ ಹಾಗೆ ಮಲಗಿ ಬಾಲ ಎಳೆದುಕೊಂಡು ಬರುವಂಥದು. ಇನ್ನೊಂದು ಉದ್ದ ಕೋಲು ಹಿಡಿದು ತಳ್ಳುವಂಥದು, ಕೆಳಗೆ ಗರಿಗರಿ ಕೂದಲಿನ ಬ್ರಷ್ಷು. ನರಹರಿಗೆ ಮೊಸಳೆಯ ಮೇಲೆ ಮನಸ್ಸು. ಅಷ್ಟರಲ್ಲಿ ತರುಣ ಕೋಲಿನ ಯಂತ್ರವನ್ನು ತಟ್ಟಿ, “ಸುರುಕ್ಕಮಾ ಸೊನ್ನಾ, ಇದು ಕರೆಂಟ್ ತೊಡಪ್ಪಂ ಸಾರ್” ಎಂದ. ಚುಟುಕಾಗಿ ಹೇಳಬೇಕೆಂದರೆ ಕರೆಂಟಿನ ಪೊರಕೆ.

ನನ್ನ ತಲೆಯೊಳಗೆ ದೀಪ ಹತ್ತಿತು. ನಮ್ಮ ಅತ್ತೆ ಮಡಿಯವರು. ಪೊರಕೆಯ ನೆರಳು ಸೋಕಿದರೂ ಕೈಕಾಲು ತೊಳೆಯುವವರು. ಪೊರಕೆ ಠೀವಿಯಾಗಿ ನಿಂತಿರುವ ಹಾಲಿನಲ್ಲಿ ಅವರು ಪಟ್ಟದ ರಾಜನನ್ನು ಕೂರಿಸುವುದುಂಟೇ? “ಇದೇ ತಗೊಳ್ಳಿ ಭಾವ, ಇದಕ್ಕೆ ಸಮ ಇನ್ನೊಂದಿಲ್ಲ” ಎಂದೆ. “ಬಿ.ಎ. ಹೇಳಿದ ಮೇಲೆ ಮುಗೀತು” ಎಂದು ನರಹರಿ ಅದನ್ನೇ ಕಟ್ಟಿಸಿಕೊಂಡ. ಅವನ ಈ ನಂಬಿಕೆಯನ್ನೂ ನನಗೆ ಸಹಿಸಲಾಗಲಿಲ್ಲ.

ಮಹಾಲಯ ಅಮಾವಾಸ್ಯೆಗೆ ಮುಂಚೆ ತೀರ್ಮಾನಕ್ಕೆಂದು ನಾವೆಲ್ಲ ಮೈಲಾಪುರದಲ್ಲಿ ಸೇರಿದೆವು. ಅತ್ತೆ ಅಳಿಯಂದಿರ ಎದುರು ನಿಂತು ಮಾತಾಡುವವರಲ್ಲ. ಅಡುಗೆಮನೆ ಬಾಗಿಲ ಹಿಂದೆ ಮಣೆ ಹಾಕಿಕೊಂಡು ಕೂತು, ಹೆಣ್ಣುಮಕ್ಕಳ ಮೂಲಕ ನಮ್ಮನ್ನು ವಿಚಾರಿಸುತ್ತಾರೆ. ನರಹರಿ ಮಿಷನ್ನಿನ ಮಹಿಮೆಯನ್ನು ಬಣ್ಣಿಸಿ ಮುಗಿಸಿದ. ಆಗ ನಾನು ಗಂಟಲು ಸರಿಮಾಡಿಕೊಂಡೆ.

“ಅತ್ತೆಗೆ ಹೇಳು ರುಕ್ಕೂ, ಅದು ಪೊರಕೆ.”

“ಥೂ, ಅದು ಮಿಷನ್ನಯ್ಯಾ!” ಎಂದ ನರಹರಿ.

“ನೆಲದ ಧೂಳು ತೆಗೆಯೋದಕ್ಕೆಂದೇ ಇರೋದು ಪೊರಕೆ. ಈ ಮಿಷನ್ನು ಇರೋದು ನೆಲದ ಧೂಳು ತೆಗೆಯೋದಕ್ಕೇ. ಆದ್ದರಿಂದ ಮಿಷನ್ನು ಪೊರಕೆ.”

“ಕರೆಂಟಲ್ಲಿ ಓಡುತ್ತೆ!”

“ಎಣ್ಣೆಯಲ್ಲಿ ಉರಿದರೂ ದೀಪವೇ, ಕರೆಂಟಲ್ಲಿ ಉರಿದರೂ ದೀಪವೇ. ಸಂಜೆ ಸ್ವಿಚ್ಚು ಹಾಕಿದಾಗ ನೀವು ಕೈಮುಗಿಯೋದಿಲ್ವೇ ಭಾವ?”

ನಾನು ಕಾಲೇಜಿನಲ್ಲಿ ಕೂಡ ಅಷ್ಟು ಚೆನ್ನಾಗಿ ವಾದಿಸಿರಲಿಲ್ಲ. ತುರಿದ ಒಂದೊಂದು ತೆಂಗಿನಕಾಯಿಯೂ ಸಾರ್ಥಕವಾಯಿತು ಅನ್ನಿಸಿತು. ಬಾಗಿಲ ಹಿಂದಿನಿಂದ ಅತ್ತೆಯ ದನಿ ಬಂತು.

“ಚಿಕ್ಕ ಅಳಿಯಂದಿರು ಓದಿದೋರು, ಅವರು ಹೇಳಿದ ಮೇಲೆ ಅದು ಪೊರಕೆಯೇ ಸರಿ. ಪದ್ಮಾ, ದಿನಾ ಅದನ್ನ ಯಾರು ಹಿಡಿಯೋದು?”

ನರಹರಿ ಹೆಂಡತಿಗೆ ಕಣ್ಣು ಸನ್ನೆ ಮಾಡಿದ. ಪದ್ಮಳಿಗೆ ಅದು ಕಾಣಲಿಲ್ಲ. “ನಂಗೆ ಕರೆಂಟ್ ಅಂದ್ರೆ ಭಯಮ್ಮ. ಕೆಲಸದವಳೂ ಶಾಕ್ ಹೊಡೆಯುತ್ತೆ ಅಂತ ಮುಟ್ಟೋಲ್ಲ. ಇವರೇ ಬೆಳಿಗ್ಗೆ ಪಂಚೆ ಎತ್ತಿ ಕಟ್ಕೊಂಡು ಮೂರು ರೂಮೂ ಮುಗಿಸ್ತಾರೆ.”

ಬಾಗಿಲ ಹಿಂದೆ ಮೂಗೊರೆಸಿಕೊಂಡ ಸದ್ದು ಕೇಳಿಸಿತು. “ನೋಡಿದ್ಯಾ ರುಕ್ಕೂ? ಅಷ್ಟು ದೊಡ್ಡ ಕಾರ್ಖಾನೇಲಿರೋ ಗಂಡಸು, ನನ್ನ ಉಬ್ಬಸಕ್ಕೋಸ್ಕರ ಕೈಯಲ್ಲಿ ಪೊರಕೆ ಹಿಡಿದಿದಾರೆ. ನಿಮ್ಮಪ್ಪ ನಲವತ್ತು ವರ್ಷದಲ್ಲಿ ಉದುರಿದ ಒಂದು ಹೂವು ಎತ್ತಿದೋರಲ್ಲ. ನಾನೇನೋ ಮಿಷನ್ನು ತಾನೇ ಅಂತ ಸುಮ್ನಿದ್ದೆ. ಪುಣ್ಯಾತ್ಮರು, ಚಿಕ್ಕ ಅಳಿಯಂದಿರು ಬಿಡಿಸಿ ಹೇಳದೇ ಇದ್ರೆ ನಂಗೆ ತಿಳೀತಾನೇ ಇರಲಿಲ್ಲ. ಗುಡಿಸಿ ಆದಮೇಲೆ ಅದನ್ನ ಹಿತ್ತಲಲ್ಲಿಟ್ಟು ಸ್ನಾನ ಮಾಡಿಬಿಟ್ರೆ ಆಯ್ತು. ಬೊಂಬೆ ಟಿ. ನಗರಕ್ಕೇ ಹೋಗಲಿ.”

ಬಸ್ಸಿನಲ್ಲಿ ರುಕ್ಮಿಣಿ ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದಳು. ಲಸ್ ಸ್ಟಾಪು ದಾಟಿದ ಮೇಲೆ ಒಂದೇ ಮಾತು ಹೇಳಿದಳು: “ವಾದದಲ್ಲಿ ಗೆದ್ರಿ ಬಿಡಿ.” ಮಾರನೆಯ ದಿನ ಎದ್ದವನೇ ನಾನು ನಮ್ಮ ಮನೆಯ ತೆಂಗಿನಕಡ್ಡಿ ಪೊರಕೆಗೆ ಕೈ ಹಾಕಿದ್ದು ನಿಜ. ಅವಳು ಅದನ್ನು ಕಿತ್ತುಕೊಂಡು, “ಈಗ ಹಿಡಿದ್ರೆ ಯಾರು ನೋಡ್ತಾರೆ?” ಎಂದಳು.

ನವರಾತ್ರಿಯ ಮೊದಲ ದಿನ ಅರಿಶಿನ ಕುಂಕುಮಕ್ಕೆ ಕರೆದಿದ್ದರು, ಹೋದೆವು. ಹಾಲಿನಲ್ಲಿ ಒಂಬತ್ತು ಮೆಟ್ಟಿಲು, ಮೇಲೆ ರಾಜ ರಾಣಿ. ಅಡ್ಡ ಬರಲು ಯಾರ ಸೀರೆಯೂ ಇಲ್ಲದೆ, ಜೀವನದಲ್ಲಿ ಮೊದಲ ಸಲ ಬೊಂಬೆಯನ್ನು ಕಿರೀಟದಿಂದ ಪಾದದವರೆಗೆ ನೋಡಿದೆ. ಬಹಳ ಚೆನ್ನಾಗಿದ್ದವು, ಅದೇ ಸಂಕಟ. ಮಕ್ಕಳು ಹುರಿಗಡಲೆ ಚೆಲ್ಲಿದ್ದರು. ನರಹರಿ ಪಂಚೆ ಎತ್ತಿ ಕಟ್ಟಿ, ಹಿತ್ತಲಿನಿಂದ ನಾನು ಆರಿಸಿಕೊಟ್ಟ ಯಂತ್ರವನ್ನು ತಂದು ಗುಂಯ್ ಎನ್ನಿಸಿದ. ಹತ್ತು ಜನ ಹೆಂಗಸರು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಆ ಸದ್ದಿನ ಮೇಲೆ ಅಡುಗೆಮನೆಯಿಂದ ಅತ್ತೆಯ ದನಿ ಕೇಳಿತು: “ರುಕ್ಕೂ, ಚಿಕ್ಕ ಅಳಿಯಂದಿರಿಗೆ ಸ್ವಲ್ಪ ಕಾಲು ಎತ್ಕೊಳ್ಳೋಕೆ ಹೇಳು. ಪಾಪ, ದೊಡ್ಡ ಅಳಿಯಂದಿರು ಅಲ್ಲಿ ಗುಡಿಸಬೇಕು.”

ನಾನು ಎರಡು ಕಾಲನ್ನೂ ಎತ್ತಿ ಕುರ್ಚಿಯ ಮೇಲಿಟ್ಟುಕೊಂಡೆ. ಇಷ್ಟು ವರ್ಷ ನರಹರಿಯ ಸಂಬಳ, ಅವನ ಮೂರು ಕೋಣೆ, ಅವನ ದೊರೆ ಇವನ್ನೆಲ್ಲ ಕಂಡು ಹೊಟ್ಟೆ ಉರಿಯುತ್ತಿತ್ತು, ಅದಕ್ಕೊಂದು ಮರ್ಯಾದೆಯಾದರೂ ಇತ್ತು. ಈಗ ಪದವೀಧರನಾದ ನಾನು, ಒಬ್ಬ ಗಂಡಸು ನೆಲ ಗುಡಿಸುವುದನ್ನು ಕಂಡು ಹೊಟ್ಟೆ ಉರಿದುಕೊಳ್ಳುತ್ತಿದ್ದೆ. ಅದು ಗುಡಿಸುವುದೇ ಹೌದೆಂದು ಸಾಧಿಸಿ ತೋರಿಸಿದವನೂ ನಾನೇ.